ದೇಶಾಂತರದಲ್ಲಿ ವಿದ್ಯೆಯ ಬೆಲೆ

ವಿದ್ಯೆಯನ್ನು ಕೊಂಡಾಡುವಾಗ ಹಿರಿಯರು ಎರಡು ಮಾತುಗಳನ್ನು ಹೇಳುತ್ತ ಬಂದಿರುವರು. ಕಳ್ಳರು ಕದಿಯಲಾರದ, ದಾಯಾದಿಗಳು ಪಾಲು ಕೇಳಲಾರದ ಧನ ವಿದ್ಯೆ ಎಂಬುದು ಒಂದು. ಅರಸನಿಗೆ ಅವನ ನಾಡಿನಲ್ಲಿ ಮಾತ್ರ ಮರ್ಯಾದೆ, ವಿದ್ಯಾವಂತನಿಗಾದರೋ ಹೋದಲ್ಲೆಲ್ಲ ಮರ್ಯಾದೆ ಎಂಬುದು ಇನ್ನೊಂದು. ಮೊದಲನೆಯ ಮಾತು ಇಂದಿಗೂ ನಿಜವೆ. ಹೊಲಮನೆಗಳನ್ನು ಹೆಗಲ ಮೇಲೆ ಹೊತ್ತು ಯಾರೂ ಸಮುದ್ರವನ್ನು ದಾಟಲಾರರು. ಕಲಿತದ್ದನ್ನಾದರೋ ಸುಂಕವಿಲ್ಲದೆ ಸಾಗಿಸಬಹುದು. ಎರಡನೆಯ ಮಾತನ್ನು ಮಾತ್ರ ಸ್ವಲ್ಪ ವಿಚಾರಮಾಡಿ ನೋಡಬೇಕಾಗಿದೆ. ವಿದ್ಯೆಯನ್ನು ಕಳ್ಳನು ಕದಿಯಲಾರನು, ಸರಿ. ಆದರೆ ಬಾಗಿಲು ಕಾಯುವವನು ಅದನ್ನು ಗುರುತಿಸದೆ ಇರಬಲ್ಲನು. ಗುರುತಿಗೆ ಬಾರದ ಧನಕ್ಕೂ ಕಳೆದುಹೋದ ಧನಕ್ಕೂ ಹಸಿದವನ ಪಾಲಿಗೆ ಎಷ್ಟು ವ್ಯತ್ಯಾಸವಿದ್ದೀತು?

ಹುಟ್ಟಿದ ನಾಡನ್ನು ಬಿಟ್ಟು ಹೊಸ ನಾಡಿನಲ್ಲಿ ನೆಲಸಲು ಹೋದವನಿಗೆ ಮೊದಲು ಎದುರಾಗುವ ಪ್ರಶ್ನೆ ಉದ್ಯೋಗದ್ದು. ಇದನ್ನು ಅರ್ಥಶಾಸ್ತ್ರದ ಪ್ರಶ್ನೆಯೆಂದು ತಿಳಿದು, ಬೇಡಿಕೆ ಪೂರೈಕೆಗಳ ಲೆಕ್ಕದಲ್ಲಿ ಮುಗಿಸಿಬಿಡುವುದು ವಾಡಿಕೆ. ಆದರೆ ಇದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿರುವುದನ್ನು ಗಮನಿಸಬೇಕು. ಕರೆದು ಒಳಗೆ ಬಿಟ್ಟುಕೊಂಡ ನಾಡು ಬಂದವನಿಗೆ ಏನನ್ನು ಸಲ್ಲಿಸಬೇಕು? ಬಂದವನು ತನ್ನ ವಿದ್ಯೆಗಿಂತ ಕೆಳಗಿನ ಕೆಲಸವನ್ನು ಒಪ್ಪಿಕೊಂಡರೆ ಅದು ವಿನಯವೋ, ಆತ್ಮದ್ರೋಹವೋ? ಕೆಲಸ ಸಿಕ್ಕಲೆಂದು ತನ್ನ ಹೆಸರನ್ನೂ ಪದವಿಯನ್ನೂ ಮರೆಮಾಡುವುದು ಅಸತ್ಯವಾಗುವುದೆ? ಓದಿದ ಕನ್ನಡ ಮನೆತನಗಳಲ್ಲಿ ಮಗನೋ ಮಗಳೋ ಅಳಿಯನೋ ಪರದೇಶದಲ್ಲಿ ಇಲ್ಲದ ಮನೆಯನ್ನು ಹುಡುಕುವುದು ಕಷ್ಟವಾಗಿರುವ ಈ ಕಾಲದಲ್ಲಿ ಈ ಪ್ರಶ್ನೆಗಳು ಯಾರಿಗೂ ದೂರದವಲ್ಲ.

ಕೆನಡ ದೇಶದ ದೃಷ್ಟಾಂತವನ್ನೇ ತೆಗೆದುಕೊಳ್ಳಬಹುದು. 20ನೆಯ ಶತಮಾನದ ಮೊದಲ ಭಾಗದಲ್ಲಿ ಆ ದೇಶವು ಭಾರತೀಯರಿಗೆ ತನ್ನ ಬಾಗಿಲನ್ನು ಮುಚ್ಚಿತ್ತು. ತಾಯ್ನಾಡಿನಿಂದ ಹೊರಟು ನಡುವೆ ಎಲ್ಲಿಯೂ ಹಡಗು ಬದಲಾಯಿಸದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂದು 1908ರಲ್ಲಿ ನಿಯಮವಾಯಿತು. ಭಾರತದಿಂದ ಅಂತಹ ನೇರ ಹಡಗಿನ ಅನುಕೂಲವೇ ಇರಲಿಲ್ಲವಾದ್ದರಿಂದ ನಿಯಮದ ಉದ್ದೇಶವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗಿನಲ್ಲಿ ವ್ಯಾಂಕೂವರ್ ಬಂದರನ್ನು ಮುಟ್ಟಿದ 376 ಮಂದಿಯಲ್ಲಿ ಬಹುಪಾಲು ಎಲ್ಲರೂ ಎರಡು ತಿಂಗಳು ನೀರಿನ ಮೇಲೆಯೆ ಕಾದು ಹಿಂದಿರುಗಬೇಕಾಯಿತು. ಮುಂದೆ 1967ರಲ್ಲಿ ಆ ದೇಶವು ಬೇರೊಂದು ಕ್ರಮವನ್ನು ಹಿಡಿಯಿತು. ಬರುವವನ ದೇಶವನ್ನೂ ಬಣ್ಣವನ್ನೂ ನೋಡದೆ, ಅವನ ವಿದ್ಯಾಭ್ಯಾಸ, ವಯಸ್ಸು, ವೃತ್ತಿ, ಭಾಷಾಜ್ಞಾನ ಮುಂತಾದುವುಗಳಿಗೆ ಅಂಕಗಳನ್ನು ಕೊಟ್ಟು, 100ಕ್ಕೆ 50 ಬಂದವನನ್ನು ಒಳಗೆ ಸೇರಿಸಿಕೊಳ್ಳುವ ಏರ್ಪಾಡು ಅದು. ನ್ಯಾಯದೃಷ್ಟಿಯಿಂದ ಇದು ದೊಡ್ಡ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ. ಮನುಷ್ಯನನ್ನು ಅವನ ಹುಟ್ಟಿನಿಂದ ಅಳೆಯುವುದನ್ನು ಬಿಟ್ಟು ಅವನು ಗಳಿಸಿದ್ದರಿಂದ ಅಳೆಯುವುದೆಂದರೆ ಸಣ್ಣ ಮಾತಲ್ಲ.

ಆದರೆ ಹೆಬ್ಬಾಗಿಲಿನಲ್ಲಿ ಎಣಿಕೆಗೆ ಬಂದ ವಿದ್ಯೆ ನಡುಮನೆಯಲ್ಲಿ ಎಣಿಕೆಗೆ ಬರಲಿಲ್ಲ. ಎಂಜಿನಿಯರನೆಂದು ಅಂಕ ಪಡೆದು ಟೊರಾಂಟೊ ನಗರದಲ್ಲಿ ಇಳಿದವನು ಕೆಲಸಕ್ಕೆ ಅರ್ಜಿ ಹಾಕಿದಾಗ ಅವನಿಗೆ ಬಂದ ಮರುಪ್ರಶ್ನೆ ಒಂದೆ: ಈ ದೇಶದಲ್ಲಿ ಕೆಲಸಮಾಡಿದ ಅನುಭವವುಂಟೆ? ಇಲ್ಲವೆಂದರೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವ ಬರುವ ದಾರಿಯಿಲ್ಲ. ಈಜು ಬಂದ ಹೊರತು ನೀರಿಗೆ ಇಳಿಯಬೇಡ ಎಂದ ಹಾಗಾಯಿತು. ಎಷ್ಟೋ ಮಂದಿ ಪದವೀಧರರು ಟ್ಯಾಕ್ಸಿ ನಡಸಿದರು, ಉಗ್ರಾಣಗಳಲ್ಲಿ ಪೆಟ್ಟಿಗೆ ಹೊತ್ತರು, ರಾತ್ರಿಯೆಲ್ಲ ಕಟ್ಟಡಗಳ ಕಾವಲು ಕುಳಿತರು. ಎಂಜಿನಿಯರ್ ವೃತ್ತಿಗೆ ಅಪ್ಪಣೆ ಕೊಡುವ ಒಂಟಾರಿಯೊ ಪ್ರಾಂತ್ಯದ ಮಂಡಲಿಯು ಒಂದು ವರ್ಷದ ಕೆನಡದ ಅನುಭವ ಇರಲೇಬೇಕೆಂಬ ನಿಬಂಧನೆಯನ್ನು ತೆಗೆದುಹಾಕಿದ್ದು 2023ರಲ್ಲಿ. ಅಂಕದ ಏರ್ಪಾಡು ಬಂದು ಆಗ 56 ವರ್ಷಗಳಾಗಿದ್ದುವು. ಒಬ್ಬ ಮನುಷ್ಯನು ಪದವಿ ಪಡೆದು ದುಡಿದು ವಿಶ್ರಾಂತಿಗೆ ಸೇರುವುದಕ್ಕೆ ಅಷ್ಟು ಕಾಲ ಬೇಡ.

ಇಲ್ಲಿ ತಪ್ಪು ಯಾರದು? ಈ ಪ್ರಶ್ನೆಯ ಮುಂದೆ ನಿಲ್ಲುವುದು ಅವಶ್ಯಕ, ಏಕೆಂದರೆ ಇದಕ್ಕೆ ನೇರವಾದ ಉತ್ತರವಿಲ್ಲ. ಒಳಗೆ ಬರಲು ರಹದಾರಿ ಕೊಡುವುದು ಕೇಂದ್ರ ಸರ್ಕಾರ. ಅದು ಯಾರಿಗೂ ಉದ್ಯೋಗದ ಭರವಸೆಯನ್ನು ಕೊಟ್ಟಿಲ್ಲ. ವೃತ್ತಿಗೆ ಅಪ್ಪಣೆ ಕೊಡುವುದು ಪ್ರಾಂತ್ಯದ ವೃತ್ತಿಮಂಡಲಿ. ಅದು ಯಾರನ್ನೂ ಕರೆಯಲಿಲ್ಲ. ಕೆಲಸವನ್ನು ಕೊಡುವವನು ಖಾಸಗಿ ಯಜಮಾನ. ತನಗೆ ಗುರುತಿಲ್ಲದ ವಿಶ್ವವಿದ್ಯಾನಿಲಯದ ಕಾಗದವನ್ನು ನಂಬಬೇಕೆಂದು ಅವನಿಗೆ ಯಾರೂ ವಿಧಿಸಿಲ್ಲ. ಮೂವರನ್ನೂ ಬೇರೆಬೇರೆಯಾಗಿ ನಿಲ್ಲಿಸಿ ಕೇಳಿದರೆ ಒಬ್ಬರೂ ಸುಳ್ಳು ಹೇಳಿದವರಲ್ಲ. ಆದರೂ ಮೂವರೂ ಸೇರಿದ ನಾಡು ಒಂದು ಮಾತನ್ನು ಕೊಟ್ಟು ಅದಕ್ಕೆ ತಪ್ಪಿದೆ. ನಿನ್ನ ವಿದ್ಯೆಗಾಗಿ ನಿನ್ನನ್ನು ಆರಿಸಿದೆವು ಎಂಬುದರ ಅರ್ಥ ಆ ವಿದ್ಯೆ ಇಲ್ಲಿ ಬೇಕಾಗಿದೆ ಎಂದಲ್ಲದೆ ಮತ್ತೇನು? ಧರ್ಮಶಾಸ್ತ್ರಗಳು ಒಬ್ಬ ಮನುಷ್ಯನು ಮಾಡಿದ ಪಾಪವನ್ನು ವಿಂಗಡಿಸುವುದರಲ್ಲಿ ನಿಪುಣವಾಗಿವೆ. ಹತ್ತು ಕೈಗಳ ನಡುವೆ ಹಂಚಿಹೋಗಿ ಯಾವ ಕೈಯಲ್ಲಿಯೂ ಕಾಣದ ಪಾಪಕ್ಕೆ ಏನು ಪ್ರಾಯಶ್ಚಿತ್ತವೆಂಬುದನ್ನು ಅವು ಅಷ್ಟಾಗಿ ಹೇಳಿಲ್ಲ. ಆಧುನಿಕ ರಾಜ್ಯಗಳ ಅನ್ಯಾಯವೆಲ್ಲ ಬಹುಮಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದುದು.

ಆತಿಥೇಯರ ಪರವಾಗಿಯೂ ಹೇಳತಕ್ಕ ಮಾತುಂಟು. ಶಸ್ತ್ರವೈದ್ಯನ ಕೈಗೆ ಕತ್ತಿಯನ್ನು ಕೊಡುವ ಮೊದಲು ಅವನ ಕೈಚಳಕವನ್ನು ನೋಡಬೇಡವೆ? ಸೇತುವೆಯ ಮೇಲೆ ಹೋಗುವವರ ಪ್ರಾಣ ಅದನ್ನು ಕಟ್ಟಿದವನ ಲೆಕ್ಕದಲ್ಲಿದೆ. ಹಿಮ ಬೀಳುವ ನಾಡಿನ ಕಟ್ಟಡ ವಿದ್ಯೆಯಲ್ಲಿ ಬೆಂಗಳೂರಿನಲ್ಲಿ ಕಲಿತವನಿಗೆ ಗೊತ್ತಿರದ ಕೆಲವು ಸಂಗತಿಗಳು ಇರುವುದು ಸಹಜ. ಭಾಷೆ ತಿಳಿಯದ ವೈದ್ಯನು ರೋಗಿಗೆ ಅಪಾಯಕಾರಿ. ಇವೆಲ್ಲ ಸರಿಯೆ. ಆದರೆ ಈ ವಾದದಿಂದ ಸಿದ್ಧವಾಗುವುದು ಬಂದವನನ್ನು ಪರೀಕ್ಷಿಸಬೇಕೆಂಬುದು ಮಾತ್ರ, ಪರೀಕ್ಷೆಯಿಲ್ಲದೆ ಕಳುಹಿಸಿಬಿಡಬಹುದೆಂಬುದಲ್ಲ. ಕಠಿನವಾದ ಪರೀಕ್ಷೆಯನ್ನಿಟ್ಟರೂ ಅದರಲ್ಲಿ ಮನುಷ್ಯನನ್ನು ಗೌರವಿಸಿದ ಹಾಗಾಯಿತು, ಅವನಲ್ಲಿ ಏನಿದೆಯೆಂದು ನೋಡಿದ ಹಾಗಾಯಿತು. ಅನುಭವ ಎಲ್ಲಿಯದು ಎಂದಷ್ಟೆ ಕೇಳಿ ಕಾಗದವನ್ನು ಬದಿಗಿಡುವವನು ಮನುಷ್ಯನನ್ನು ನೋಡಲಿಲ್ಲ, ಭೂಪಟವನ್ನು ನೋಡಿದನು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಒಂದು ಪ್ರಯೋಗದ ಆಧಾರವುಂಟು. ಟೊರಾಂಟೊ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೊಪೌಲೊಸ್ ಎಂಬವರು ಸುಮಾರು 13,000 ಕಲ್ಪಿತ ಅರ್ಜಿಗಳನ್ನು ಆ ನಗರದ ಉದ್ಯೋಗ ಪ್ರಕಟಣೆಗಳಿಗೆ ಕಳುಹಿಸಿ ಅದರ ಫಲವನ್ನು 2011ರಲ್ಲಿ ಪ್ರಕಟಿಸಿದರು. ವಿದ್ಯೆ, ಅನುಭವಗಳು ಒಂದೇ ಆಗಿದ್ದರೂ ಇಂಗ್ಲಿಷ್ ಹೆಸರಿನ ಅರ್ಜಿಗಳಿಗಿಂತ ಭಾರತ, ಪಾಕಿಸ್ತಾನ, ಚೀನ ದೇಶಗಳ ಹೆಸರುಳ್ಳ ಅರ್ಜಿಗಳಿಗೆ ಕರೆಗಳು ಕಡಮೆ ಬಂದುವು. ಪರದೇಶದ ಅನುಭವವನ್ನು ಬರೆದಿದ್ದರೆ ಇನ್ನೂ ಕಡಮೆ. ಭಾಷೆಯ ವಿಷಯದಲ್ಲಿ ಸಂಶಯವಿದ್ದಿತೆಂದು ಕೆಲಸಕ್ಕೆ ಆರಿಸುವವರು ಸಮಾಧಾನ ಹೇಳಿದರು. ಆದರೆ ಭಾಷೆಯಲ್ಲಿ ಪರಿಣತಿಯುಂಟೆಂದು ಅರ್ಜಿಯಲ್ಲಿಯೆ ಬರೆದಿದ್ದರೂ ವ್ಯತ್ಯಾಸವು ತಗ್ಗಲಿಲ್ಲ. ಅಂದಮೇಲೆ ಹೇಳಿದ ಕಾರಣ ಒಂದು, ನಡೆದ ಕಾರಣ ಮತ್ತೊಂದು. ಹೇಳಿದವರು ಕಪಟಿಗಳೆಂದು ಹೇಳಬೇಕಾಗಿಲ್ಲ. ತಮ್ಮ ಮನಸ್ಸು ಏಕೆ ಹಿಂಜರಿಯಿತೆಂಬುದು ಅವರಿಗೇ ತಿಳಿದಿರಲಾರದು. ನೂರು ಕಾಗದಗಳನ್ನು ಅವಸರದಲ್ಲಿ ತಿರುವಿಹಾಕುವವನು ಹೆಸರನ್ನು ಓದಿ ಮುಗಿಸುವ ಮೊದಲೇ ನಿರ್ಣಯ ಆಗಿಹೋಗಿರುತ್ತದೆ. ಆ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗವು ಇಂತಹ ಅನುಭವದ ನಿಬಂಧನೆಯು ಮೇಲ್ನೋಟಕ್ಕೇ ಪಕ್ಷಪಾತವೆಂದು 2013ರಲ್ಲಿ ಸಾರಿತು. 25 ಅಥವಾ ಅದಕ್ಕೆ ಮೇಲ್ಪಟ್ಟ ನೌಕರರಿರುವ ಯಜಮಾನರು ಬಹಿರಂಗ ಪ್ರಕಟಣೆಗಳಲ್ಲಿ ಆ ನಿಬಂಧನೆಯನ್ನು ಬರೆಯಕೂಡದೆಂಬ ನಿಯಮವು 2024ರಲ್ಲಿ ಕಾನೂನಾಗಿ 2026ರ ಜನವರಿ 1ರಿಂದ ಜಾರಿಗೆ ಬರುವಂತೆ ಗೊತ್ತಾಯಿತು. ಪ್ರಕಟಣೆಯಲ್ಲಿ ಬರೆಯದಿರುವುದಕ್ಕೂ ಮನಸ್ಸಿನಲ್ಲಿ ಇಟ್ಟುಕೊಳ್ಳದಿರುವುದಕ್ಕೂ ಅಂತರವುಂಟೆಂಬುದು ಬೇರೆಯ ಮಾತು.

ಪರದೇಶದವರನ್ನು ಆಕ್ಷೇಪಿಸುವಾಗ ಕನ್ನಡನಾಡು ತನ್ನ ಅಂಗಳವನ್ನೂ ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು. 1933ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಹೊಸ ಸರ್ಕಾರವು ಯೆಹೂದ್ಯರನ್ನು ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕುವ ಕಾನೂನನ್ನು ಮಾಡಿತು. ಗಟಿಂಗೆನ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಆಚಾರ್ಯ ಮ್ಯಾಕ್ಸ್ ಬಾರ್ನ್ ಹಾಗೆ ಸ್ಥಾನವನ್ನು ಕಳೆದುಕೊಂಡವರಲ್ಲಿ ಒಬ್ಬರು. ಕೆಲವು ಕಾಲ ಕೇಂಬ್ರಿಜ್‌ನಲ್ಲಿದ್ದು, ಭಾರತೀಯ ವಿಜ್ಞಾನ ಮಂದಿರಕ್ಕೆ ಆಗ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಅವರು 1935ರಲ್ಲಿ ಪತ್ನಿಯೊಡನೆ ಬೆಂಗಳೂರಿಗೆ ಬಂದರು. ಅವರಿಗೆ ಇಲ್ಲಿಯೆ ಸ್ಥಿರವಾದ ಆಚಾರ್ಯಪದವಿಯನ್ನು ಕೊಡಬೇಕೆಂದು ರಾಮನ್ ಅವರು ಸಭೆಯಲ್ಲಿ ಸೂಚಿಸಿದರು. ಆಗ ಇಂಗ್ಲೆಂಡಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಎದ್ದುನಿಂತು, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಯೊಬ್ಬನು ಈ ಸಂಸ್ಥೆಗೆ ಸಾಲದು ಎಂಬ ಅರ್ಥದ ಮಾತನ್ನಾಡಿದರೆಂದು ಬಾರ್ನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿರುವರು. ಸಭೆಯಲ್ಲಿ ಅವರೂ ಕುಳಿತಿದ್ದರು. ಸ್ಥಿರಪದವಿ ಆಗಲಿಲ್ಲ. 1936ರಲ್ಲಿ ಅವರಿಗೆ ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಪೀಠ ದೊರೆಯಿತು. 1954ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ಬಹುಮಾನಕ್ಕೆ ಕಾರಣವಾದ ಮುಖ್ಯ ಚಿಂತನೆಯನ್ನು ಅವರು ಪ್ರಕಟಿಸಿದ್ದು 1926ರಲ್ಲಿ, ಅಂದರೆ ಬೆಂಗಳೂರಿನ ಸಭೆಗಿಂತ ಒಂಬತ್ತು ವರ್ಷ ಹಿಂದೆ. ಎರಡನೆಯ ದರ್ಜೆಯವನೆಂದು ಕರೆಸಿಕೊಂಡಾಗ ಆ ವಿದ್ಯೆ ಅವರಲ್ಲಿ ಪೂರ್ಣವಾಗಿಯೆ ಇತ್ತು. ಹೊರದೂಡಲ್ಪಟ್ಟವನು ಎಂಬ ವಿಶೇಷಣವು ಅದನ್ನು ಮರೆಮಾಡಿತು. ನಿರ್ಗತಿಕನಾಗಿ ಬಂದವನು ಯೋಗ್ಯನಾಗಿರಲಾರನೆಂದು ಊಹಿಸುವುದು ಮನುಷ್ಯಸ್ವಭಾವದ ಹಳೆಯ ದೋಷ.

ಅದೇ ಮೈಸೂರು ಸೀಮೆಯಲ್ಲಿ ಇದಕ್ಕೆ ಮಾರುತ್ತರವೂ ದೊರೆಯುತ್ತದೆ. ಬರ್ಲಿನ್ ನಗರದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅದೇ ಕಾರಣದಿಂದ ದೇಶವನ್ನು ಬಿಟ್ಟು, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಸಂಸ್ಥಾನವು ಅವರನ್ನು ಮುಖ್ಯ ವಾಸ್ತುಶಿಲ್ಪಿಯನ್ನಾಗಿ ನಿಯಮಿಸಿತು. ಈ ನೆಲದ ಬಿಸಿಲು ಮಳೆಗಳನ್ನು ಅವರು ಇಲ್ಲಿಯೆ ಕಲಿತರು. ವಿಜ್ಞಾನ ಮಂದಿರದ ಕೆಲವು ಕಟ್ಟಡಗಳು ಅವರ ಕೈಯಿಂದ ಆದುವು. ಭುವನೇಶ್ವರ ನಗರದ ಮೊದಲ ನಕ್ಷೆಯನ್ನು 1948ರಲ್ಲಿ ಬರೆದವರೂ ಅವರೇ. ಉಷ್ಣದೇಶದಲ್ಲಿ ಕಟ್ಟಿದ ಅನುಭವವುಂಟೆ ಎಂಬ ಪ್ರಶ್ನೆಯಿಂದಲೆ ಅವರನ್ನು ಹಿಂದಕ್ಕೆ ಕಳುಹಿಸಿದ್ದರೆ, ಉಷ್ಣದೇಶಗಳ ವಾಸ್ತುವಿದ್ಯೆಯನ್ನು ಮುಂದೆ ಲಂಡನ್ನಿನಲ್ಲಿ ಕಲಿಸಿದ ಒಬ್ಬ ಆಚಾರ್ಯನು ಲೋಕಕ್ಕೆ ದೊರೆಯುತ್ತಿರಲಿಲ್ಲ. ಇಂತಹ ಭಾಗ್ಯ ಎಲ್ಲರದೂ ಆಗಲಿಲ್ಲ. ಅದೇ ವರ್ಷಗಳಲ್ಲಿ ಜರ್ಮನಿ ಆಸ್ಟ್ರಿಯಗಳಿಂದ ಸುಮಾರು 20,000 ಸ್ತ್ರೀಯರು ಇಂಗ್ಲೆಂಡನ್ನು ಸೇರಿದ್ದು ಮನೆಗೆಲಸದವರಿಗೆ ಕೊಡುವ ಅಪ್ಪಣೆಯ ಕಾಗದದ ಮೇಲೆ. ಅವರಲ್ಲಿ ಓದಿದವರೂ, ಸ್ವಂತ ಮನೆಯಲ್ಲಿ ಆಳುಗಳನ್ನಿಟ್ಟುಕೊಂಡಿದ್ದವರೂ ಇದ್ದರು. ಪ್ರಾಣ ಉಳಿಯಿತು, ಅದೇ ದೊಡ್ಡದು. ಉಳಿದ ಪ್ರಾಣವು ಪಿಂಗಾಣಿ ತಟ್ಟೆಗಳನ್ನು ತೊಳೆಯಿತು. (1862ರಲ್ಲಿ ಲಂಡನ್ನಿನಲ್ಲಿ ದೇಶಭ್ರಷ್ಟನಾಗಿದ್ದ ಕಾರ್ಲ್ ಮಾರ್ಕ್ಸನು ರೈಲ್ವೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಪ್ರಯತ್ನಿಸಿದಾಗ ಕೈಬರಹ ಕೆಟ್ಟದಾಗಿದೆಯೆಂದು ಅವನನ್ನು ತೆಗೆದುಕೊಳ್ಳಲಿಲ್ಲ. ಆ ಒಂದು ನಿರ್ಣಯದಲ್ಲಿ ಮಾತ್ರ ಯಜಮಾನರ ಕಾರಣ ನಿಜವಾದದ್ದೆಂದು ಅವನ ಹಸ್ತಪ್ರತಿಗಳನ್ನು ನೋಡಿದವರು ಒಪ್ಪುವರು.)

ಇನ್ನು ಬಂದವನ ಕಡೆಗೆ ತಿರುಗಬಹುದು. ಪದವೀಧರನು ಟ್ಯಾಕ್ಸಿ ನಡಸಿದರೆ ಏನು ಕುಂದು, ಕೆಲಸದಲ್ಲಿ ಮೇಲು ಕೀಳೆಂಬುದುಂಟೆ ಎಂದು ಕೇಳುವವರಿದ್ದಾರೆ. ಕನ್ನಡಿಗರಿಗೆ ಈ ಸಮಾಧಾನವು ಬಹಳ ಹತ್ತಿರದ್ದು, ಏಕೆಂದರೆ ಕಾಯಕವೆಂಬ ದೊಡ್ಡ ಮಾತನ್ನು ಲೋಕಕ್ಕೆ ಕೊಟ್ಟವರು ಕಲ್ಯಾಣದ ಶರಣರು. ಅವರ ನಡುವೆ ವಲಸೆ ಬಂದವನೊಬ್ಬನ ಕಥೆಯೂ ಉಂಟು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಕಡೆಯ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಹೊತ್ತು ಮಾರಿ ಜೀವಿಸಿದನೆಂದು ಪರಂಪರೆ ಹೇಳುತ್ತದೆ. ಸಿಂಹಾಸನದಿಂದ ಸೌದೆಯ ಹೊರೆಗೆ ಬಂದವನಿಗಿಂತ ದೊಡ್ಡ ಇಳಿತವನ್ನು ಯಾವ ಎಂಜಿನಿಯರನೂ ಕಂಡಿರಲಾರನು. ಆದರೆ ಮಾರಯ್ಯನ ಹೊರೆಯನ್ನು ಯಾರೂ ಅವನ ತಲೆಯ ಮೇಲೆ ಇಡಲಿಲ್ಲ. ಅವನೇ ಬಾಗಿ ಎತ್ತಿಕೊಂಡನು. ಕಾಯಕವೆಂಬುದು ದುಡಿಯುವವನು ತನ್ನ ವಿಷಯದಲ್ಲಿ ಹೇಳಿಕೊಳ್ಳತಕ್ಕ ಮಾತು. ಯಾವ ಕೆಲಸದಲ್ಲಿಯೂ ನನ್ನ ಮನುಷ್ಯತ್ವ ಕುಂದುವುದಿಲ್ಲವೆಂಬ ಧೈರ್ಯ ಅದು. ಅದನ್ನೇ ಎದುರಿಗಿರುವವನು ಹಿಡಿದುಕೊಂಡು, ನಿನಗೆ ಯಾವ ಕೆಲಸವಾದರೂ ಒಂದೆ, ಆದುದರಿಂದ ನಾನು ಕೊಟ್ಟದ್ದನ್ನು ಮಾಡು ಎಂದರೆ, ಅದು ಕಾಯಕತತ್ತ್ವವಾಗದೆ ಅದರ ದುರುಪಯೋಗವಾಗುತ್ತದೆ. ಉಪವಾಸದಲ್ಲಿ ಪುಣ್ಯವುಂಟೆಂದು ಹೇಳಿ ಇನ್ನೊಬ್ಬನ ಎಲೆಯನ್ನು ಎತ್ತಿಬಿಡುವುದು ಎಂತಹ ಧರ್ಮ? ಟ್ಯಾಕ್ಸಿ ನಡಸುವುದರಲ್ಲಿ ಅಗೌರವವಿಲ್ಲ. ರೋಗಿಗಳು ವೈದ್ಯನಿಲ್ಲದೆ ಕಾಯುತ್ತಿರುವ ಊರಿನಲ್ಲಿ ವೈದ್ಯನೊಬ್ಬನು ಟ್ಯಾಕ್ಸಿ ನಡಸುತ್ತಿದ್ದರೆ ಅಲ್ಲಿ ನಷ್ಟವಿದೆ. ಆ ನಷ್ಟದಲ್ಲಿ ರೋಗಿಯ ಪಾಲೂ ಉಂಟು.

ವಿರಾಟನಗರಿಯ ಕಥೆಯನ್ನು ಈ ದೃಷ್ಟಿಯಿಂದ ಓದಿದರೆ ಅದು ಬೇರೆಯಾಗಿಯೆ ಕಾಣುವುದು. ಐವರು ಅಣ್ಣತಮ್ಮಂದಿರೂ ದ್ರೌಪದಿಯೂ ಪರನಾಡಿನಲ್ಲಿ ಕೆಲಸವನ್ನು ಹುಡುಕಿಕೊಂಡು ಹೋಗುತ್ತಾರೆ. ಒಬ್ಬೊಬ್ಬರೂ ಹಿಂದೆ ಎಲ್ಲಿ ದುಡಿದಿದ್ದರೆಂಬುದನ್ನು ಹೇಳಲೇಬೇಕು, ಯುಧಿಷ್ಠಿರನ ಅರಮನೆಯಲ್ಲಿದ್ದೆವೆನ್ನುತ್ತಾರೆ. ಹಳೆಯ ಯಜಮಾನನ ಹೆಸರೇ ಅವರಿಗೆ ಯೋಗ್ಯತಾಪತ್ರ. ಗದಾಯುದ್ಧದಲ್ಲಿ ಎಣೆಯಿಲ್ಲದವನು ಅಡುಗೆಮನೆಗೆ ಸೇರುತ್ತಾನೆ, ಗಾಂಡೀವಿಯು ಹುಡುಗಿಯರಿಗೆ ನೃತ್ಯ ಕಲಿಸುತ್ತಾನೆ. ಸೈರಂಧ್ರಿಯಾದರೋ ಕೆಲಸಕ್ಕೆ ಸೇರುವ ಮೊದಲು ರಾಣಿ ಸುದೇಷ್ಣೆಯೊಡನೆ ನಿಬಂಧನೆಗಳನ್ನು ಮಾಡಿಕೊಳ್ಳುತ್ತಾಳೆ: ಎಂಜಲನ್ನು ಮುಟ್ಟುವುದಿಲ್ಲ, ಕಾಲು ತೊಳೆಯುವುದಿಲ್ಲ. ಎಷ್ಟೇ ಇಳಿದರೂ ಒಂದು ಗೆರೆಯನ್ನು ದಾಟೆನೆಂದು ಮೊದಲೇ ಹೇಳಿಕೊಂಡವಳು ಆರು ಮಂದಿಯಲ್ಲಿ ಅವಳೊಬ್ಬಳೆ. ಕೀಚಕನ ಪ್ರಕರಣವನ್ನು ನೋಡಿದರೆ ಅವಳ ಎಚ್ಚರಿಕೆ ನಿಷ್ಕಾರಣವಾದದ್ದಲ್ಲ. ಆದರೆ ಪಾಂಡವರಿಗೆ ಒಂದು ಅನುಕೂಲವಿದ್ದಿತು. ಅದು ಇಂದಿನ ವಲಸೆಗಾರನಿಗೆ ಇಲ್ಲ. ಅವರ ಅಜ್ಞಾತವಾಸಕ್ಕೆ ಒಂದು ವರ್ಷವೆಂದು ಗೊತ್ತುಪಾಡಿತ್ತು. ದಿನಗಳನ್ನು ಎಣಿಸಬಹುದಾಗಿತ್ತು. ಆಯುಧಗಳು ಶಮೀವೃಕ್ಷದ ಮೇಲೆ ಕೆಡದೆ ಕಾದಿದ್ದುವು. ಮನುಷ್ಯನ ವಿದ್ಯೆ ಹಾಗೆ ಮರದ ಮೇಲೆ ಕಟ್ಟಿಡತಕ್ಕ ವಸ್ತುವಲ್ಲ. ಐದು ವರ್ಷ ಕತ್ತಿ ಹಿಡಿಯದ ಶಸ್ತ್ರವೈದ್ಯನ ಕೈ ಮೊದಲಿನ ಕೈಯಲ್ಲ. ಹತ್ತು ವರ್ಷ ಕಳೆದಮೇಲೆ ಪರೀಕ್ಷಕರು, ಈತನಿಗೆ ಈಚಿನ ಅಭ್ಯಾಸವಿಲ್ಲ ಎಂದು ಹೇಳಿದರೆ, ಆಗ ಅವರ ಮಾತು ನಿಜವೂ ಆಗಿರುತ್ತದೆ. ಮೊದಲು ಅನ್ಯಾಯವಾಗಿದ್ದ ನಿರ್ಣಯವು ಕಾಲಕ್ರಮದಲ್ಲಿ ತನಗೆ ತಾನೇ ಸಾಕ್ಷ್ಯವನ್ನು ಒದಗಿಸಿಕೊಳ್ಳುವ ಈ ಬಗೆ ಎಲ್ಲಕ್ಕಿಂತ ಕ್ರೂರವಾದುದು.

ಸಂಸಾರದೊಂದಿಗೆ ಹೋದ ಹೆಂಗಸರ ಪಾಡು ಇದಕ್ಕೂ ಒಂದು ಮೆಟ್ಟಿಲು ಕೆಳಗೆ. ಅಮೆರಿಕಕ್ಕೆ ಎಚ್-1ಬಿ ಎಂಬ ರಹದಾರಿಯ ಮೇಲೆ ಕೆಲಸಕ್ಕೆ ಹೋದವನ ಪತ್ನಿಗೆ ಆ ದೇಶದಲ್ಲಿ ಸಂಬಳಕ್ಕೆ ದುಡಿಯುವ ಅಧಿಕಾರವೇ ಇರಲಿಲ್ಲ. ಪತಿಯ ಸ್ಥಿರವಾಸದ ಅರ್ಜಿ ಒಂದು ಹಂತವನ್ನು ದಾಟಿದ್ದರೆ ಪತ್ನಿಯೂ ಅಪ್ಪಣೆ ಪಡೆಯಬಹುದೆಂಬ ನಿಯಮ 2015ರ ಮೇ ತಿಂಗಳಿನಲ್ಲಿ ಬಂದಿತು. ಗಂಡನ ಅರ್ಜಿಯಲ್ಲಿ ಹೆಂಡತಿಯ ವಿದ್ಯೆ ಅಡಗಿ ಕುಳಿತಿರುವ ಈ ಏರ್ಪಾಡನ್ನು ಮಾಡಿದ ದೇಶವೇ ಸ್ತ್ರೀಯರ ಸಮಾನತೆಯನ್ನು ಲೋಕಕ್ಕೆ ಬೋಧಿಸುತ್ತದೆ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ತರಗತಿಗೆ ಮೊದಲಿಗಳಾಗಿ ತೇರ್ಗಡೆಯಾಗಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಮದುವೆಯಾದ ತಿಂಗಳಿನಲ್ಲಿ ಅವಲಂಬಿ ಎಂಬ ಹೆಸರನ್ನು ಪಡೆಯುತ್ತಾಳೆ. ಹಾಗೆ ಕಳುಹಿಸಿಕೊಡುವ ತಂದೆತಾಯಿಗಳು ಅಳಿಯನ ಸಂಬಳವನ್ನು ವಿಚಾರಿಸುವಷ್ಟು ಆಸ್ಥೆಯಿಂದ ಮಗಳ ಈ ಹೊಸ ಹೆಸರನ್ನು ವಿಚಾರಿಸುವುದು ಅಪರೂಪ.

ಉಳಿದದ್ದು ಸತ್ಯದ ಪ್ರಶ್ನೆ. ದೊಡ್ಡ ಪದವಿಯನ್ನು ಅರ್ಜಿಯಲ್ಲಿ ಬರೆದರೆ ಸಣ್ಣ ಕೆಲಸವೂ ಸಿಕ್ಕದು. ಈತನು ಇಲ್ಲಿ ನಿಲ್ಲಲಾರನೆಂದು ಯಜಮಾನನು ಹಿಂಜರಿಯುವನು. ಆದುದರಿಂದ ಪದವಿಯನ್ನು ಮುಚ್ಚಿಡುವ ರೂಢಿ ವಲಸೆಗಾರರಲ್ಲಿದೆ. ಕೃಷ್ಣಮೂರ್ತಿಯು ಕ್ರಿಸ್ ಆಗುವುದೂ ಉಂಟು. ಇದು ಅಸತ್ಯವೆ? ಇಲ್ಲದ ಪದವಿಯನ್ನು ಉಂಟೆನ್ನುವುದಕ್ಕೂ ಇರುವ ಪದವಿಯನ್ನು ಹೇಳದಿರುವುದಕ್ಕೂ ಭೇದ ಸ್ಪಷ್ಟವಾಗಿದೆ. ಮೊದಲನೆಯದರಿಂದ ಯಜಮಾನನಿಗೆ ಮೋಸವಾಗುತ್ತದೆ; ಎರಡನೆಯದರಿಂದ ಕೊಟ್ಟ ಕೂಲಿಗಿಂತ ಹೆಚ್ಚಿನ ಮನುಷ್ಯನು ಅವನಿಗೆ ದೊರೆಯುತ್ತಾನೆ. ಸತ್ಯವ್ರತನೆನಿಸಿಕೊಂಡ ಯುಧಿಷ್ಠಿರನೇ ಕಂಕನಾಗಿ ವಿರಾಟನ ಮುಂದೆ ನಿಂತು, ಯುಧಿಷ್ಠಿರನಿಗೆ ಆಪ್ತನಾಗಿದ್ದೆನೆಂದು ಹೇಳಿದನಲ್ಲವೆ? ಹೆಸರಿನ ವಿಷಯವನ್ನು ಅಷ್ಟು ಹಗುರವಾಗಿ ಬಿಡಲಾಗುವುದಿಲ್ಲ. ಹೆಸರಿನಲ್ಲಿ ಅಜ್ಜನೊಬ್ಬನು ಇರುತ್ತಾನೆ, ಊರೊಂದು ಇರುತ್ತದೆ. ಅದನ್ನು ಕತ್ತರಿಸಿಕೊಂಡವನನ್ನು ಹಳಿಯುವುದಕ್ಕೆ ಮೊದಲು, ಕತ್ತರಿಸದ ಹೆಸರಿಗೆ ಎಷ್ಟು ಬಾಗಿಲುಗಳು ಮುಚ್ಚಿದುವೆಂಬ ಲೆಕ್ಕವನ್ನು ನೋಡಬೇಕು. ದೋಷವಿದ್ದರೆ ಅದರ ದೊಡ್ಡ ಪಾಲು ಬಾಗಿಲಿನವರದು.

ಆದರೆ ವಲಸೆಗಾರನೇ ಹೊಣೆಯಾಗತಕ್ಕ ಅಸತ್ಯವೊಂದುಂಟು. ಅದು ಯಜಮಾನನಿಗೆ ಹೇಳಿದ್ದಲ್ಲ, ಮನೆಗೆ ಬರೆದದ್ದು. ಟ್ಯಾಕ್ಸಿ ನಡಸುವವನು ತಾಯಿಗೆ ಅದನ್ನು ತಿಳಿಸುವುದಿಲ್ಲ. ಮುದುಕಿಯ ಮನಸ್ಸು ನೋಯುತ್ತದೆ, ಊರಿನವರು ಆಡಿಕೊಳ್ಳುತ್ತಾರೆ, ಮುಂದಿನ ವರ್ಷ ಹೇಗೂ ಒಳ್ಳೆಯ ಕೆಲಸ ಬರುತ್ತದೆ ಎಂಬುದು ಅವನ ಸಮಾಧಾನ. ಕಂಪೆನಿಯೊಂದರಲ್ಲಿ ಇದ್ದೇನೆ, ಕೆಲಸ ಬಹಳ, ಪುರುಸೊತ್ತಿಲ್ಲ ಎಂದು ಹೇಳುತ್ತಾನೆ. ಹಬ್ಬಕ್ಕೆ ಹಣವನ್ನೂ ಕಳುಹಿಸುತ್ತಾನೆ. ಅದು ಎಷ್ಟು ರಾತ್ರಿಗಳ ಹಣವೆಂಬುದು ಇಲ್ಲಿ ಯಾರಿಗೂ ತಿಳಿಯದು. ಪ್ರೀತಿಯಿಂದ ಆಡಿದ ಸುಳ್ಳನ್ನು ಶಾಸ್ತ್ರಗಳು ಕ್ಷಮಿಸಬಹುದು. ಆದರೆ ಈ ಸುಳ್ಳು ತಾಯಿಯ ಕಿವಿಯಲ್ಲಿ ನಿಲ್ಲುವುದಿಲ್ಲ. ತಂದೆಯು ಜಗುಲಿಯ ಮೇಲೆ ಕುಳಿತು, ಹುಡುಗನು ಅಲ್ಲಿ ದೊಡ್ಡ ಕಚೇರಿಯಲ್ಲಿದ್ದಾನೆ, ವಿದ್ಯೆಗೆ ಬೆಲೆಯಿರುವುದು ಆ ದೇಶದಲ್ಲಿಯೆ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಪಕ್ಕದ ಮನೆಯ ಯಜಮಾನನು ಅದನ್ನು ಕೇಳಿಕೊಂಡು ಹೋಗಿ, ಎರಡು ಎಕರೆ ಅಡಕೆ ತೋಟವನ್ನು ಅಡವಿಡಲು ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆಯುತ್ತಾನೆ. ಅವನ ಮಗನೂ ಎಂಜಿನಿಯರನೆ.